ಮಿಂಚಂಚೆಯ ಪತ್ರಸಂಪುಟಗಳು: ಒಂದು ಪಾಠವಿಮರ್ಶೆ

೧

ಪ್ರಾಚೀನ ಕಾವ್ಯವೊಂದನ್ನು ಸಂಪಾದಿಸಲು ತೊಡಗಿದ ವಿದ್ವಾಂಸನು ಮೊದಲು ಕೇಳುವ ಪ್ರಶ್ನೆ ‘ಪ್ರತಿಗಳು ಎಷ್ಟು ದೊರೆತಿವೆ?’ ಎಂಬುದು. ಅದರ ಬೆನ್ನಿಗೆ ಕೇಳಲೇಬೇಕಾದ ಪ್ರಶ್ನೆ ‘ಅವು ಒಂದನ್ನೊಂದು ನೋಡಿ ಬರೆದುಕೊಂಡವೋ, ಸ್ವತಂತ್ರವಾಗಿ ಇಳಿದುಬಂದವೋ?’ ಎಂಬುದು. ಒಂದೇ ಮಾತೃಕೆಯಿಂದ ಹುಟ್ಟಿದ ಹತ್ತು ಓಲೆಪ್ರತಿಗಳು ಒಂದೇ ತಪ್ಪನ್ನು ಹತ್ತು ಸಲ ನುಡಿಯುವುವೇ ಹೊರತು ಅದನ್ನು ತಿದ್ದಲಾರವು. ಬೇರೊಂದು ಶಾಖೆಗೆ ಸೇರಿದ, ಹುಳು ತಿಂದು ಜೀರ್ಣವಾದ ಒಂದೇ ಪ್ರತಿ ಆ ಹತ್ತಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದಾಗಬಹುದು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಪ್ರಕಟವಾದುದು ಮೊದಲುಗೊಂಡು ಇಂತಹ ವಿವೇಚನೆ ಕನ್ನಡದ ಅಧ್ಯಾಪಕರಿಗೆ ಹೊಸದಾಗಿ ಉಳಿದಿಲ್ಲ.

ಇ-ಮೇಲ್ ಎಂದು ಎಲ್ಲರ ಬಾಯಲ್ಲಿಯೂ ನಿಂತಿರುವ ಮಿಂಚಂಚೆಯ ಪತ್ರಗಳಿಗೆ ಈ ವಿವೇಚನೆ ಸಲ್ಲುವುದೇ ಎಂಬುದು ಪ್ರಕೃತ ವಿಚಾರ. ಈ ಪತ್ರಗಳು ತಾವಾಗಿಯೇ ಉಳಿಯುವುವು. ಯಂತ್ರವು ಒಂದಕ್ಕೆ ಹತ್ತು ಪ್ರತಿಗಳನ್ನು ಮಾಡಿಟ್ಟುಕೊಳ್ಳುವುದು. ಯಂತ್ರದ ಪ್ರತಿಯಲ್ಲಿ ಲಿಪಿಕಾರನ ದೋಷಕ್ಕೆ ಎಡೆಯಿಲ್ಲ ಎಂಬ ಮೂರು ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಮೂರೂ ಪರೀಕ್ಷೆಗೆ ನಿಲ್ಲುವಂಥವಲ್ಲ. ಇದುವರೆಗೆ ಬೆಳಕು ಕಂಡಿರುವ ಮಿಂಚಂಚೆಯ ಸಂಗ್ರಹಗಳಲ್ಲಿ ಪ್ರಖ್ಯಾತವಾದ ಎರಡನ್ನು, ಅಮೆರಿಕಾ ದೇಶದ ಶ್ವೇತಭವನದ ಪತ್ರಗಳನ್ನೂ ಎನ್ರಾನ್ ಕಂಪೆನಿಯ ಪತ್ರಗಳನ್ನೂ, ಗ್ರಂಥಸಂಪಾದನೆಯ ಒರೆಗಲ್ಲಿಗೆ ಹಚ್ಚಿದರೆ ಈ ಮಾತು ಸ್ಪಷ್ಟವಾಗುವುದು. ಇವೆರಡೂ ಸಾಹಿತ್ಯಕೃತಿಗಳಲ್ಲವಾದರೂ, ಮುಂದೆ ಕನ್ನಡ ಸಾಹಿತಿಗಳ ಪತ್ರಗಳನ್ನು ಸಂಪಾದಿಸುವವರಿಗೆ ಎದುರಾಗುವ ತೊಡಕುಗಳೆಲ್ಲ ಇವುಗಳಲ್ಲಿ ಮೊದಲೇ ಕಾಣಿಸಿಕೊಂಡಿವೆ.

೨

ಮೊದಲು ಹಸ್ತಪ್ರತಿಯ ಸ್ವರೂಪವನ್ನು ತಿಳಿಯುವುದು ಯುಕ್ತ. ಮಿಂಚಂಚೆಯ ಪ್ರತಿಯೊಂದು ಪತ್ರಕ್ಕೂ ಶಿರೋಭಾಗವೆಂದೂ ಒಡಲೆಂದೂ ಎರಡು ಭಾಗಗಳುಂಟು. ಈ ವಿಭಾಗಕ್ಕೆ ಆಧಾರವಾದ ವಿಧಿ ಆರ್‌ಎಫ್‌ಸಿ ೮೨೨ ಎಂಬ ಹೆಸರಿನಿಂದ ೧೯೮೨ರಲ್ಲಿ ನೆಲೆಗೊಂಡಿತು. ಅದರ ಪರಿಷ್ಕೃತ ರೂಪವಾದ ಆರ್‌ಎಫ್‌ಸಿ ೫೩೨೨ ಹೊರಬಂದದ್ದು ೨೦೦೮ರಲ್ಲಿ. ಬರೆದವರ ಮಾತು ಒಡಲಿನಲ್ಲಿರುವುದು. ಕಳುಹಿಸಿದವರು, ಪಡೆದವರು, ವಿಷಯ, ದಿನಾಂಕ ಎಂಬಿವು ಶಿರೋಭಾಗದಲ್ಲಿರುವುವು. ಇಷ್ಟು ಮಾತ್ರವನ್ನೇ ಓದುಗನ ಕಣ್ಣಿಗೆ ತೋರಿಸಿ ಉಳಿದುದನ್ನು ಮರೆಮಾಡುವುದು ಪತ್ರ ಓದುವ ತಂತ್ರಾಂಶಗಳ ವಾಡಿಕೆ. ಮರೆಯಲ್ಲಿ ಉಳಿಯುವುದಾದರೂ ಅಲ್ಪವಲ್ಲ. ಪತ್ರವು ಹಾದುಬಂದ ಒಂದೊಂದು ಸರ್ವರೂ ತನ್ನ ಹೆಸರನ್ನೂ ವೇಳೆಯನ್ನೂ ಒಂದೊಂದು ಸಾಲಾಗಿ ಶಿರೋಭಾಗದ ಮೇಲ್ತುದಿಯಲ್ಲಿ ಬರೆಯುತ್ತ ಬರುವುದು. ಹಳೆಯ ಲಕೋಟೆಯ ಮೇಲಣ ಅಂಚೆಮುದ್ರೆಗಳಿಗೆ ಇವು ಸಮಾನ. ಪತ್ರದ ದಿನಾಂಕವನ್ನು ಒತ್ತುವುದು ಕಳುಹಿಸುವವರ ಗಣಕವಾದುದರಿಂದ ಅದರ ಗಡಿಯಾರ ತಪ್ಪಿದ್ದರೆ ದಿನಾಂಕವೂ ತಪ್ಪುವುದು. ಆಗ ದಾರಿಯ ಸರ್ವರುಗಳ ಮುದ್ರೆಗಳೇ ಕಾಲನಿರ್ಣಯಕ್ಕೆ ಆಧಾರ. ಇದಲ್ಲದೆ ಪತ್ರಕ್ಕೊಂದು ಗುರುತಿನ ಸಂಖ್ಯೆಯೂ, ಅದು ಯಾವ ಪತ್ರಕ್ಕೆ ಉತ್ತರವೋ ಆ ಪತ್ರದ ಗುರುತೂ ಅಲ್ಲಿ ನಮೂದಾಗಿರುವುದುಂಟು. ಪತ್ರವ್ಯವಹಾರದ ಪೌರ್ವಾಪರ್ಯವನ್ನು ಊಹೆಯಿಲ್ಲದೆ ನಿರ್ಣಯಿಸಲು ಇದಕ್ಕಿಂತ ಉತ್ತಮವಾದ ಸಾಧನ ಹಳೆಯ ಪತ್ರಗಳಲ್ಲಿ ದೊರೆಯುವುದು ಅಪೂರ್ವ.

ಇನ್ನು ಈ ಪತ್ರಗಳನ್ನು ಕಟ್ಟಿಡುವ ರೀತಿ. ಎಂಬಾಕ್ಸ್ ಎಂಬ ಹಳೆಯ ಹಾಗೂ ಇಂದಿಗೂ ಬಳಕೆಯಲ್ಲಿರುವ ಕ್ರಮದಲ್ಲಿ ಒಂದು ಪೆಟ್ಟಿಗೆಯ ಪತ್ರಗಳೆಲ್ಲವೂ ಒಂದೇ ಕಡತದಲ್ಲಿ ಒಂದರ ಕೆಳಗೊಂದು ಸೇರಿರುವುವು. ‘ಫ್ರಂ’ ಎಂಬ ಇಂಗ್ಲಿಷ್ ಪದದಿಂದಲೂ ಅದರ ಮುಂದಣ ತೆರಪಿನಿಂದಲೂ ಆರಂಭವಾಗುವ ಸಾಲು ಹೊಸ ಪತ್ರದ ಮೊದಲ ಗುರುತು. ಆದರೆ ಬರೆದವರೇ ತಮ್ಮ ಮಾತಿನ ನಡುವೆ ಒಂದು ಸಾಲನ್ನು ಅದೇ ಪದದಿಂದ ಆರಂಭಿಸಿದರೆ ಯಂತ್ರಕ್ಕೆ ಭ್ರಮೆಯಾಗುವುದು. ಆ ಭ್ರಮೆಯನ್ನು ತಪ್ಪಿಸಲು ತಂತ್ರಾಂಶವು ಆ ಸಾಲಿನ ಮೊದಲಿಗೆ ಬಾಣದ ತುದಿಯಂತಹ ಚಿಹ್ನೆಯೊಂದನ್ನು ತಾನೇ ಸೇರಿಸುವುದು. ಈ ಕ್ರಮದ ಒಂದು ಪ್ರಭೇದದಲ್ಲಿ, ಚಿಹ್ನೆಯನ್ನು ಹಾಕಿದವರು ಲೇಖಕರೋ ಯಂತ್ರವೋ ಎಂಬುದನ್ನು ಆಮೇಲೆ ನಿರ್ಣಯಿಸಲು ಸಾಧ್ಯವೇ ಇಲ್ಲ. ಇದು ಪ್ರಕ್ಷೇಪವಲ್ಲದೆ ಮತ್ತೇನು? ಚಿಹ್ನೆ ಚಿಕ್ಕದು, ಆದರೆ ಯಂತ್ರವೂ ಒಬ್ಬ ಲಿಪಿಕಾರನೇ, ಅವನೂ ಪಾಠವನ್ನು ಮುಟ್ಟುವನು ಎಂಬ ತತ್ತ್ವಕ್ಕೆ ಈ ಒಂದು ಚಿಹ್ನೆಯೇ ಸಾಕ್ಷಿಯಾಗಿದೆ.

೩

ಶ್ವೇತಭವನದ ಪತ್ರಗಳ ಚರಿತ್ರೆ ಸ್ವಾರಸ್ಯವಾದುದು. ಅಧ್ಯಕ್ಷ ರೇಗನ್ನರ ಕಾಲದಲ್ಲಿ ಅಲ್ಲಿನ ರಾಷ್ಟ್ರೀಯ ಭದ್ರತಾ ಮಂಡಲಿಯವರು ಐಬಿಎಂ ಕಂಪೆನಿಯ ‘ಪ್ರಾಫ್ಸ್’ ಎಂಬ ವ್ಯವಸ್ಥೆಯ ಮೂಲಕ ಪತ್ರವ್ಯವಹಾರ ನಡೆಸುತ್ತಿದ್ದರು. ಇರಾನಿಗೆ ಗುಟ್ಟಾಗಿ ಆಯುಧಗಳನ್ನು ಮಾರಿ ಬಂದ ಹಣವನ್ನು ನಿಕರಾಗುವದ ಬಂಡುಗಾರರಿಗೆ ಸಾಗಿಸಿದ ಪ್ರಕರಣ ೧೯೮೬ರ ನವೆಂಬರಿನಲ್ಲಿ ಬಯಲಾದಾಗ, ಭದ್ರತಾ ಸಲಹೆಗಾರರಾದ ಜಾನ್ ಪಾಯಿಂಡೆಕ್ಸ್ಟರರೂ ಅವರ ಸಹಾಯಕರಾದ ಆಲಿವರ್ ನಾರ್ತರೂ ತಮ್ಮ ಪೆಟ್ಟಿಗೆಗಳಲ್ಲಿದ್ದ ಪತ್ರಗಳನ್ನು ಅಳಿಸಿದರು; ಪಾಯಿಂಡೆಕ್ಸ್ಟರರು ಅಳಿಸಿದವೇ ಐದು ಸಾವಿರಕ್ಕೆ ಮೇಲ್ಪಟ್ಟಿದ್ದವು. ಅಳಿಸಿದುದು ಅಳಿಯಿತೆಂದೇ ಅವರ ಎಣಿಕೆ. ಆದರೆ ಯಂತ್ರ ಕೆಟ್ಟರೆ ಕೆಲಸ ನಿಲ್ಲಬಾರದೆಂದು ಕಾಂತಟೇಪುಗಳಲ್ಲಿ ಬ್ಯಾಕಪ್, ಎಂದರೆ ಕಾಪಿನ ಪ್ರತಿ, ತೆಗೆದಿಡುವ ಪದ್ಧತಿ ಅಲ್ಲಿ ನಡೆದುಬಂದಿತ್ತು. ಆ ಟೇಪುಗಳಿಂದ ಉದ್ಧಾರವಾದ ಪತ್ರಗಳನ್ನು, ಪ್ರಕರಣವನ್ನು ವಿಚಾರಿಸಿದ ಟವರ್ ಆಯೋಗವು ೧೯೮೭ರ ಫೆಬ್ರವರಿಯ ತನ್ನ ವರದಿಯಲ್ಲಿ ಬಳಸಿಕೊಂಡಿತು. ಇಲ್ಲಿ ಗಮನಿಸತಕ್ಕದ್ದೆಂದರೆ, ಆ ಟೇಪುಗಳನ್ನು ಚರಿತ್ರೆಗಾಗಿ ಯಾರೂ ಮಾಡಿರಲಿಲ್ಲ. ಅವು ಹೊಸ ಪ್ರತಿಗಾಗಿ ಮತ್ತೆ ಬಳಸಲ್ಪಡುವ ಟೇಪುಗಳು. ಸಕಾಲದಲ್ಲಿ ಪಕ್ಕಕ್ಕೆ ತೆಗೆದಿರಿಸಿದುದರಿಂದ ಮಾತ್ರ ಉಳಿದುಕೊಂಡವು.

ರೇಗನ್ನರ ಅಧಿಕಾರ ಮುಗಿಯುವ ಮುನ್ನಾದಿನ, ೧೯೮೯ರ ಜನವರಿ ೧೯ರಂದು, ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಸಂಶೋಧನಸಂಸ್ಥೆಯೂ ಪತ್ರಕರ್ತ ಸ್ಕಾಟ್ ಆರ್ಮ್‌ಸ್ಟ್ರಾಂಗರೂ ಈ ಟೇಪುಗಳ ನಾಶವನ್ನು ತಡೆಯಲು ನ್ಯಾಯಾಲಯದ ಮೊರೆಹೊಕ್ಕರು, ತಡೆಯಾಜ್ಞೆಯೂ ದೊರೆಯಿತು. ಸರ್ಕಾರದ ವಾದದಲ್ಲಿ ಒಂದು ಅಂಶ ಪಾಠವಿಮರ್ಶಕರ ಕುತೂಹಲಕ್ಕೆ ಅರ್ಹವಾದುದು: ಮುಖ್ಯವಾದ ಪತ್ರಗಳನ್ನು ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಂಡ ಬಳಿಕ ಯಂತ್ರದೊಳಗಣ ಪ್ರತಿಯನ್ನು ಕಾದಿಡಬೇಕಾದ ಅಗತ್ಯವಿಲ್ಲ ಎಂಬುದು. ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ೧೯೯೩ರ ಆಗಸ್ಟಿನಲ್ಲಿ ಈ ವಾದವನ್ನು ತಳ್ಳಿಹಾಕಿತು. ಪತ್ರವನ್ನು ಯಾರು ಯಾರು ಪಡೆದರು, ಯಾವಾಗ ಪಡೆದರು ಎಂಬ ವಿವರಗಳು ಕಾಗದದ ಪ್ರತಿಗೆ ಇಳಿಯದೆ ಹೋಗುವುದರಿಂದ ಅದು ಮೂಲಕ್ಕೆ ಸಮನಲ್ಲವೆಂದು ತೀರ್ಪಾಯಿತು. ಮೂಲ ಯಾವುದು, ನಕಲು ಯಾವುದು ಎಂದು ವಿದ್ವತ್ಪರಿಷತ್ತುಗಳಲ್ಲಿ ನಡೆಯತಕ್ಕ ಚರ್ಚೆ ಇಲ್ಲಿ ನ್ಯಾಯಪೀಠದ ಮುಂದೆ ನಡೆದು ನಿರ್ಣಯವಾದುದು ವಿಶೇಷ.

ಈ ಹೋರಾಟದ ಫಲವಾಗಿ ಟಾಮ್ ಬ್ಲಾಂಟನ್ನರು ಸಂಪಾದಿಸಿದ ‘ವೈಟ್ ಹೌಸ್ ಇ-ಮೇಲ್’ ಎಂಬ ಗ್ರಂಥ ೧೯೯೫ರಲ್ಲಿ ಗಣಕದ ತಟ್ಟೆಯೊಂದಿಗೆ ಪ್ರಕಟವಾಯಿತು. ಹುದುಗಿಹೋಗಲಿದ್ದ ದಾಖಲೆಯನ್ನು ಜನರ ಕೈಗೆ ತಂದುಕೊಟ್ಟ ಈ ಗ್ರಂಥದ ಉಪಕಾರ ದೊಡ್ಡದು. ಆದರೆ ಸಂಪಾದನೆಯ ದೃಷ್ಟಿಯಿಂದ ಎರಡು ಆಕ್ಷೇಪಗಳನ್ನು ಹೇಳದೆ ಇರಲಾಗುವುದಿಲ್ಲ. ಒಂದು, ಇದು ಆಯ್ದ ಸಂಕಲನ; ಸರ್ಕಾರವು ಗೋಪ್ಯವೆಂದು ಕತ್ತರಿಸಿದ ಭಾಗಗಳೂ ಉಂಟು; ಉಪಶೀರ್ಷಿಕೆಯಲ್ಲಿಯೇ ಪತ್ರಗಳ ನಾಶಪ್ರಯತ್ನದ ಮಾತನ್ನಾಡುವ ಸಂಪಾದಕರು ವಾದಿಯ ಪಕ್ಷದಲ್ಲಿ ನಿಂತು ಆಯ್ದಿದ್ದಾರೆ. ಎರಡು, ಕಾಗದದ ಪ್ರತಿ ಮೂಲವಲ್ಲವೆಂದು ಗೆದ್ದವರೇ ತಾವು ಗೆದ್ದ ಪತ್ರಗಳನ್ನು ಪುನಃ ಕಾಗದದ ಮೇಲೆಯೇ ತರಬೇಕಾಯಿತು. ತಟ್ಟೆಯನ್ನು ಜೊತೆಗಿರಿಸಿದುದು ಈ ಕೊರತೆಯ ಅರಿವಿನಿಂದಲೇ ಇರಬಹುದು. ಇಂದಾದರೋ ಗ್ರಂಥವನ್ನು ಯಾರು ಬೇಕಾದರೂ ತೆರೆದು ಓದಬಹುದು. ಅಂದಿನ ತಟ್ಟೆಯನ್ನು ಓದುವ ಸಾಧನ ಈಗಿನ ಗಣಕಗಳಲ್ಲಿ ಇಲ್ಲ. ಕಾಗದದಲ್ಲಿ ಪಾಠ ಬಾಳಿತು, ವಿವರ ಕುಗ್ಗಿತು. ತಟ್ಟೆಯಲ್ಲಿ ವಿವರಕ್ಕೆ ಎಡೆಯಿತ್ತು, ಬಾಳಿಕೆ ಇರಲಿಲ್ಲ. ಒಂದು ಮಾಧ್ಯಮವನ್ನೇ ನಂಬಿದರೆ ಸಾಲದೆಂಬುದು ಇದರಿಂದ ಸಿದ್ಧವಾಗುತ್ತದೆ.

೪

ಎನ್ರಾನ್ ಸಂಗ್ರಹದ ಗುಣದೋಷಗಳು ಇದಕ್ಕೆ ವಿಪರೀತವಾದವು. ಟೆಕ್ಸಾಸ್ ಪ್ರಾಂತದ ಹ್ಯೂಸ್ಟನ್ನಿನ ಈ ಕಂಪೆನಿ ೨೦೦೧ರ ಡಿಸೆಂಬರಿನಲ್ಲಿ ದಿವಾಳಿಯಾದ ಬಳಿಕ, ವಿದ್ಯುತ್ತಿನ ಮಾರುಕಟ್ಟೆಯನ್ನು ವಿಚಾರಿಸಿದ ಅಲ್ಲಿನ ಕೇಂದ್ರ ಇಂಧನ ನಿಯಂತ್ರಣ ಆಯೋಗವು ಸುಮಾರು ನೂರೈವತ್ತು ಮಂದಿ ನೌಕರರ ಅಂಚೆಪೆಟ್ಟಿಗೆಗಳನ್ನು ೨೦೦೩ರಲ್ಲಿ ಬಹಿರಂಗಪಡಿಸಿತು. ವಿದ್ವಾಂಸರ ಕೈಗೆ ಬರುವಷ್ಟರಲ್ಲಿ ಅದರಲ್ಲಿ ಲೋಪಗಳು ಕಂಡುಬಂದು ಹಲವು ಕೈಗಳು ತಿದ್ದಿದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ವಿಲಿಯಂ ಕೋಹೆನ್ನರು ೨೦೦೪ರಲ್ಲಿ ಹಂಚಿದ ಪಾಠವು ಹೆಚ್ಚು ಪ್ರಚಾರಕ್ಕೆ ಬಂದಿತು. ಅದೂ ಹಲವು ಸಲ ಪರಿಷ್ಕಾರಗೊಂಡು ೨೦೧೫ರ ರೂಪದಲ್ಲಿ ಈಗ ದೊರೆಯುತ್ತದೆ.

ಈ ಪಾಠದಲ್ಲಿ ಪತ್ರಗಳಿಗೆ ಲಗತ್ತಿಸಿದ್ದ ಕಡತಗಳಿಲ್ಲ. ಸಂಬಂಧಪಟ್ಟ ನೌಕರರ ಕೋರಿಕೆಯಂತೆ ಕೆಲವು ಪತ್ರಗಳನ್ನು ತೆಗೆದುಹಾಕಲಾಗಿದೆ. ಕ್ರಮಬದ್ಧವಲ್ಲದ ವಿಳಾಸಗಳು ಕಂಡಲ್ಲಿ ಅವುಗಳ ಬದಲು ಕೃತಕವಾದ ವಿಳಾಸಗಳನ್ನು ತುಂಬಲಾಗಿದೆ. ಇವನ್ನು ಸಂಪಾದಕರು ಮರೆಮಾಚಿಲ್ಲ, ಸ್ಪಷ್ಟವಾಗಿ ತಿಳಿಸಿದ್ದಾರೆ, ಅದು ಅವರ ಪ್ರಾಮಾಣಿಕತೆ. ಆದರೆ ಲೋಪಚಿಹ್ನೆಯಿಲ್ಲದೆ ಲೋಪವನ್ನೂ, ಆವರಣಚಿಹ್ನೆಯಿಲ್ಲದೆ ಪೂರಣವನ್ನೂ ಮಾಡಿದಂತಾಗಿದೆ. ಶಾಸನದಲ್ಲಿ ಅಳಿಸಿಹೋದ ಅಕ್ಷರವನ್ನು ಊಹಿಸಿ ತುಂಬುವ ಶಾಸನತಜ್ಞನು ಅದನ್ನು ಆವರಣದಲ್ಲಿ ಬರೆಯುವನು. ಈ ಸಂಗ್ರಹದಲ್ಲಿ ಆ ಶಿಸ್ತನ್ನು ಪತ್ರಪತ್ರಕ್ಕೂ ಪಾಲಿಸಿಲ್ಲ.

ಮತ್ತೊಂದು ಉದಾಹರಣೆ ಇನ್ನೂ ಬೋಧಪ್ರದವಾದುದು. ೨೦೦೪ರಲ್ಲಿ ಕ್ಲಿಮ್ಟ್ ಮತ್ತು ಯಾಂಗ್ ಎಂಬ ಸಂಶೋಧಕರು ಈ ಸಂಗ್ರಹವನ್ನು ವಿವರಿಸುತ್ತ, ೧೫೮ ಮಂದಿಯ ೬,೧೯,೪೪೬ ಪತ್ರಗಳು ಶೋಧನೆಯ ಬಳಿಕ ೨,೦೦,೩೯೯ಕ್ಕೆ ಇಳಿದವೆಂದು ತಿಳಿಸಿದರು. ತಂತ್ರಾಂಶವು ತಾನಾಗಿ ಹುಟ್ಟಿಸಿದ ಪೆಟ್ಟಿಗೆಗಳಲ್ಲಿದ್ದ ಪುನರಾವೃತ್ತ ಪ್ರತಿಗಳನ್ನು ಬಿಟ್ಟುದೇ ಇದಕ್ಕೆ ಮುಖ್ಯ ಕಾರಣ. ಅರ್ಥಾತ್, ಆರು ಲಕ್ಷದಲ್ಲಿ ಮೂರನೆಯ ಎರಡು ಪಾಲು ಅವರ ಅಧ್ಯಯನಕ್ಕೆ ಬೇಡವಾದುವು. ದೊರೆತ ಪ್ರತಿಯಿಂದಲೇ ನಕಲಾದ ಪ್ರತಿಯನ್ನು ಪಾಠನಿರ್ಣಯದಿಂದ ಕೈಬಿಡಬಹುದೆಂಬುದು ಗ್ರಂಥಸಂಪಾದನೆಯ ಹಳೆಯ ನಿಯಮವೇ. ಈ ಶೋಧನೆ ಅದಕ್ಕೆ ಅನುಗುಣವಾಗಿದೆ. ಆದರೂ ಕೈಬಿಟ್ಟ ಪ್ರತಿಯನ್ನು ಸುಟ್ಟುಹಾಕಬೇಕೆಂದು ಆ ನಿಯಮ ಹೇಳುವುದಿಲ್ಲ. ಒಂದು ಪತ್ರ ಯಾವ ಪೆಟ್ಟಿಗೆಯಲ್ಲಿತ್ತು ಎಂಬುದೂ ಒಂದು ಸಾಕ್ಷ್ಯ: ಕಸದ ಪೆಟ್ಟಿಗೆಗೆ ಹೋದ ಪತ್ರವನ್ನು ಒಡೆಯನು ತ್ಯಜಿಸಿದನು, ಬೇರೆ ಹೆಸರಿಟ್ಟು ತೆಗೆದಿರಿಸಿದ ಪತ್ರವನ್ನು ಬೆಲೆಯುಳ್ಳದ್ದೆಂದು ಬಗೆದನು. ಭಾಷಾವಿಜ್ಞಾನಿಗೆ ಪುನರುಕ್ತಿಯಾದುದು ಜೀವನಚರಿತ್ರಕಾರನಿಗೆ ಆಧಾರವಾಗಬಹುದು. ಆದಕಾರಣ ಮೂಲಸಂಗ್ರಹವನ್ನು ಮುಟ್ಟದೆ ಇಟ್ಟು, ಶೋಧಿತ ಪಾಠವನ್ನು ಬೇರೆಯಾಗಿ ಕೊಡುವುದೇ ಸರಿಯಾದ ದಾರಿ.

೫

ಹೀಗೆ ಪಾಠದ ವಿಷಯದಲ್ಲಿ ಕಂಡ ತತ್ತ್ವ ಪತ್ರಗಳ ರಕ್ಷಣೆಯಲ್ಲಿಯೂ ಹಾಗೆಯೇ ಸಲ್ಲುತ್ತದೆ. ಪ್ರತಿಗಳ ಸಂಖ್ಯೆಯಿಂದ ಭದ್ರತೆ ಬರುವುದಿಲ್ಲ, ಸ್ವಾತಂತ್ರ್ಯದಿಂದ ಬರುವುದು. ಇಂದು ಒಬ್ಬರ ಅಂಚೆಪೆಟ್ಟಿಗೆ ಅವರ ಫೋನಿನಲ್ಲಿಯೂ ಮನೆಯ ಗಣಕದಲ್ಲಿಯೂ ಕಚೇರಿಯ ಗಣಕದಲ್ಲಿಯೂ ಕಾಣಿಸಿಕೊಳ್ಳುವುದು. ನೋಡಿದವರಿಗೆ ಮೂರು ಪ್ರತಿಗಳಿವೆಯೆಂಬ ಭಾವನೆ. ಆದರೆ ಐಮ್ಯಾಪ್ ಎಂಬ ಪದ್ಧತಿಯಲ್ಲಿ ಇವೆಲ್ಲವೂ ಸರ್ವರಿನಲ್ಲಿರುವ ಒಂದೇ ಪೆಟ್ಟಿಗೆಯ ಪ್ರತಿಬಿಂಬಗಳು. ಒಂದರಲ್ಲಿ ಅಳಿಸಿದರೆ ಉಳಿದವುಗಳಲ್ಲಿಯೂ ಅಳಿಯುವುದು. ಪ್ರತಿಬಿಂಬವು ಕಾಪಿನ ಪ್ರತಿಯಲ್ಲ.

೨೦೧೧ರ ಫೆಬ್ರವರಿಯ ಕೊನೆಯಲ್ಲಿ ಗೂಗಲ್ ಸಂಸ್ಥೆಯ ಜೀಮೇಲ್ ವ್ಯವಸ್ಥೆಯಲ್ಲಿ ನಡೆದ ಸಂಗತಿ ಇದಕ್ಕೆ ನಿದರ್ಶನ. ಹೊಸದಾಗಿ ಅಳವಡಿಸಿದ ತಂತ್ರಾಂಶದ ದೋಷವೊಂದರಿಂದ ಬಳಕೆದಾರರಲ್ಲಿ ನೂರಕ್ಕೆ ೦.೦೨ರಷ್ಟು ಮಂದಿಯ ಪೆಟ್ಟಿಗೆಗಳು ಬರಿದಾಗಿ ತೋರಿದವು. ಸಂಸ್ಥೆ ಒಂದೊಂದು ಪತ್ರವನ್ನೂ ಹಲವು ಕಡೆಗಳಲ್ಲಿ ಇಟ್ಟಿತ್ತು. ಆದರೆ ಒಂದೇ ತಂತ್ರಾಂಶದ ಅಧೀನದಲ್ಲಿದ್ದ ಪ್ರತಿಗಳಾದುದರಿಂದ ಒಂದೇ ದೋಷ ಹಲವನ್ನು ಒಟ್ಟಿಗೆ ತಾಕಿತು. ಯಂತ್ರದಿಂದ ಬಿಡಿಸಿ ಬೇರೆಯಾಗಿರಿಸಿದ್ದ ಟೇಪುಗಳು ದೋಷದ ಕೈಗೆ ಸಿಕ್ಕದೆ ಉಳಿದವು. ಪತ್ರಗಳು ಮರಳಿ ಬಂದುದು ಅವುಗಳಿಂದ. ಒಂದೇ ಶಾಖೆಯ ಹತ್ತು ಪ್ರತಿಗಳಿಗಿಂತ ಬೇರೆ ಶಾಖೆಯ ಒಂದು ಪ್ರತಿ ಮೇಲೆಂಬ ಮಾತಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಾಗಿಲ್ಲ.

ಉದ್ಧಾರಕಾರ್ಯದ ಬಗೆಗೂ ಒಂದೆರಡು ಮಾತು ಅವಶ್ಯ. ಅಳಿಸಿದ ಪತ್ರ ಅನೇಕ ವೇಳೆ ಕೂಡಲೆ ನಾಶವಾಗುವುದಿಲ್ಲ. ಎಂಬಾಕ್ಸ್ ಕಡತವನ್ನು ಬಳಸುವ ಥಂಡರ್‌ಬರ್ಡಿನಲ್ಲಿ ಅದಕ್ಕೆ ಅಳಿಸಿದೆಯೆಂಬ ಗುರುತು ಬೀಳುವುದು ಮಾತ್ರ. ಕಡತವನ್ನು ಅಡಕಗೊಳಿಸಿದಾಗ ಅದು ನಿಜವಾಗಿ ಹೋಗುವುದು. ಔಟ್‌ಲುಕ್ ತಂತ್ರಾಂಶದ ಪಿಎಸ್‌ಟಿ ಕಡತದಲ್ಲಿಯೂ ಆ ಜಾಗ ತೆರವಾಯಿತೆಂದು ಬರೆದುಕೊಳ್ಳಲಾಗುವುದೇ ಹೊರತು ಬೇರೊಂದು ಪತ್ರ ಬಂದು ಕೂಡುವವರೆಗೆ ಹಳೆಯ ಅಕ್ಷರಗಳು ಅಲ್ಲಿಯೇ ಇರಬಹುದು. ಆದುದರಿಂದ ಕಳೆದ ಪತ್ರವನ್ನು ಹುಡುಕುವವರು ಮೊದಲು ಆ ಯಂತ್ರದಲ್ಲಿ ಹೊಸ ಬರವಣಿಗೆಯನ್ನು ನಿಲ್ಲಿಸಿ, ಕಡತದ ನಕಲು ತೆಗೆದು, ನಕಲಿನ ಮೇಲೆಯೇ ಪ್ರಯೋಗ ಮಾಡಬೇಕು. ಹಳೆಯ ಪಿಎಸ್‌ಟಿ ಕಡತಗಳಿಗೆ ಎರಡು ಗಿಗಾಬೈಟಿನ ಮಿತಿಯಿತ್ತು. ಅದನ್ನು ಮೀರಿ ಬೆಳೆದ ಕಡತಗಳು ಕೆಟ್ಟುಹೋಗುತ್ತಿದ್ದವು. ೨೦೦೩ರ ಔಟ್‌ಲುಕ್ ಬರುವವರೆಗೆ ಈ ತೊಂದರೆ ಇದ್ದುದರಿಂದ ಆ ಕಾಲದ ಸಂಗ್ರಹ ಕೈಗೆ ಬಂದವರು ಕಡತದ ಗಾತ್ರವನ್ನು ಮೊದಲು ನೋಡುವುದು ಒಳ್ಳೆಯದು.

೬

ಈ ವಿಚಾರಗಳಿಂದ ಕನ್ನಡಕ್ಕೆ ಏನು ಪ್ರಯೋಜನವೆಂದು ಕೇಳಬಹುದು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತುದು ೧೯೯೫ರ ಆಗಸ್ಟ್ ೧೫ರಂದು. ಅಲ್ಲಿಂದೀಚೆಗೆ ಕನ್ನಡದ ಲೇಖಕರು ಪ್ರಕಾಶಕರೊಡನೆ, ಅನುವಾದಕರೊಡನೆ, ಹೊರನಾಡಿನ ಮಿತ್ರರೊಡನೆ ನಡೆಸಿದ ಪತ್ರವ್ಯವಹಾರ ಕ್ರಮೇಣ ಅಂಚೆಯ ಚೀಲದಿಂದ ಮಿಂಚಂಚೆಯ ಪೆಟ್ಟಿಗೆಗೆ ಸರಿಯಿತು. ಹಾಟ್‌ಮೇಲ್ ಮೊದಲಾದ ಉಚಿತ ಪೆಟ್ಟಿಗೆಗಳು ಆರಂಭದ ವರ್ಷಗಳಲ್ಲಿ ಅತಿ ಕಿರಿದಾಗಿದ್ದವು. ಹಾಟ್‌ಮೇಲಿನದು ಎರಡು ಮೆಗಾಬೈಟಿನಷ್ಟು ಮಾತ್ರ. ಹೊಸ ಪತ್ರ ಬರಬೇಕಾದರೆ ಹಳೆಯದನ್ನು ಅಳಿಸಬೇಕು. ಒಂದು ಗಿಗಾಬೈಟಿನ ಜೀಮೇಲ್ ೨೦೦೪ರಲ್ಲಿ ಬರುವವರೆಗೆ ಇದ್ದ ಸ್ಥಿತಿ ಇದು. ಆ ಎಂಟೊಂಬತ್ತು ವರ್ಷಗಳ ಪತ್ರಗಳು ವಿರಳವಾಗಿ ದೊರೆತರೆ ಲೇಖಕರು ಬರೆಯಲಿಲ್ಲವೆಂದು ಸಂಶೋಧಕನು ತೀರ್ಮಾನಿಸಬಾರದು. ಪೆಟ್ಟಿಗೆ ಚಿಕ್ಕದಾಗಿದ್ದಿತೆಂಬುದನ್ನು ನೆನೆಯಬೇಕು.

ಉಳಿದ ಪತ್ರಗಳಲ್ಲಿಯೂ ಪಾಠಕ್ಲೇಶಗಳುಂಟು. ಯುನಿಕೋಡ್ ಲಿಪಿಸಂಕೇತ ಬಳಕೆಗೆ ಬರುವ ಮುನ್ನ ಅನೇಕರು ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆದರು. ಕೆ, ಎ, ಎಲ್, ಎ ಎಂಬ ನಾಲ್ಕು ಅಕ್ಷರಗಳನ್ನು ‘ಕಾಲ’ ಎಂದೋ ‘ಕಲಾ’ ಎಂದೋ ‘ಕಳ’ ಎಂದೋ ‘ಕಾಳ’ ಎಂದೋ ಓದಲು ಸಾಧ್ಯ, ಪ್ರಸಂಗವೊಂದೇ ನಿರ್ಣಾಯಕ. ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಪತ್ರಗಳು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುವುವು. ಅವನ್ನು ಯುನಿಕೋಡಿಗೆ ಪರಿವರ್ತಿಸುವಾಗಲೂ ಎಚ್ಚರ ಬೇಕು. ‘ಧರ್ಮ’ ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಮಕಾರದ ಬಳಿಕ ಕಾಣುವುದು, ಹಳೆಯ ಫಾಂಟು ಅದನ್ನು ಹಾಗೆಯೇ ದಾಖಲಿಸುವುದು. ಯುನಿಕೋಡಿನಲ್ಲಿ ರೇಫವು ಉಚ್ಚಾರಣೆಯ ಕ್ರಮದಂತೆ ಮೊದಲು ನಿಲ್ಲುವುದು. ಪರಿವರ್ತಕ ತಂತ್ರಾಂಶ ಈ ಸ್ಥಾನಪಲ್ಲಟವನ್ನು ತಪ್ಪಿದರೆ ಪದವೇ ಕೆಡುವುದು. ಮೂಲಕಡತವನ್ನು ಎಸೆದು ಪರಿವರ್ತಿತ ಪಾಠವನ್ನು ಮಾತ್ರ ಉಳಿಸಿಕೊಂಡವರಿಗೆ ಇಂತಹ ಅಪಪಾಠವನ್ನು ಶೋಧಿಸುವ ಉಪಾಯವೇ ಇರುವುದಿಲ್ಲ.

ಇವೆಲ್ಲಕ್ಕಿಂತ ಮಿಗಿಲಾದ ಅಪಾಯ ಬೇರೊಂದಿದೆ. ಎರಡು ವರ್ಷ ಬಳಕೆಯಿಲ್ಲದೆ ಉಳಿದ ಖಾಸಗಿ ಖಾತೆಗಳನ್ನು ಅದರ ಪತ್ರಗಳೊಡನೆ ತೆಗೆದುಹಾಕಬಹುದೆಂದು ಗೂಗಲ್ ಸಂಸ್ಥೆ ೨೦೨೩ರಲ್ಲಿ ನಿಯಮಮಾಡಿ, ಅದೇ ಡಿಸೆಂಬರಿನಿಂದ ಜಾರಿಗೆ ತಂದಿತು. ಹಿಂದಿನ ತಲೆಮಾರಿನ ಸಾಹಿತಿ ತೀರಿಕೊಂಡರೆ ಅವರ ಕಾಗದಗಳು ಟ್ರಂಕಿನಲ್ಲಿ ಐವತ್ತು ವರ್ಷ ಬಿದ್ದಿದ್ದು ಮೊಮ್ಮಗನ ಕೈಯಿಂದ ಬೆಳಕಿಗೆ ಬರುವ ಸಂಭವವಿತ್ತು. ಇಂದು ಲೇಖಕರು ಸತ್ತ ಎರಡು ವರ್ಷಗಳಲ್ಲಿ, ಸಂಸ್ಮರಣಗ್ರಂಥ ಅಚ್ಚಾಗುವ ಮೊದಲೇ, ಟ್ರಂಕು ಸದ್ದಿಲ್ಲದೆ ಬರಿದಾಗಬಹುದು. ಗೆದ್ದಲಿಗಾದರೂ ಓಲೆಯನ್ನು ತಿನ್ನಲು ಕಾಲ ಬೇಕಾಗಿತ್ತು.

ಹೊರನಾಡುಗಳ ಪುಸ್ತಕಭಂಡಾರಗಳು ಈ ಅಪಾಯವನ್ನು ಮೊದಲೇ ಗ್ರಹಿಸಿವೆ. ಕವಯಿತ್ರಿ ವೆಂಡಿ ಕೋಪ್ ಅವರ ಸಂಗ್ರಹವನ್ನು, ಸುಮಾರು ೪೦,೦೦೦ ಮಿಂಚಂಚೆಗಳೊಂದಿಗೆ, ಅವರು ಜೀವಿಸಿರುವಾಗಲೇ ಬ್ರಿಟಿಷ್ ಲೈಬ್ರರಿ ೨೦೧೧ರಲ್ಲಿ ಕೊಂಡುಕೊಂಡಿತು. ಪತ್ರಸಂಗ್ರಹಗಳನ್ನು ಪರೀಕ್ಷಿಸಿ ಖಾಸಗಿ ವಿಷಯಗಳನ್ನು ಬೇರ್ಪಡಿಸಲು ನೆರವಾಗುವ ‘ಇ-ಪ್ಯಾಡ್’ ಎಂಬ ತಂತ್ರಾಂಶವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದವರು ಸಿದ್ಧಪಡಿಸಿದ್ದಾರೆ. ಕನ್ನಡದಲ್ಲಿ ಈ ಕೆಲಸಕ್ಕೆ ಮೊದಲು ಬೇಕಾದುದು ಹಣವಲ್ಲ, ಲೇಖಕರ ಅನುಮತಿ. ಪೆಟ್ಟಿಗೆಯನ್ನು ಪೂರ್ತಿಯಾಗಿ ಎಂಬಾಕ್ಸ್ ರೂಪದಲ್ಲಿ ಇಳಿಸಿಕೊಳ್ಳುವ ಅನುಕೂಲವನ್ನು ಗೂಗಲ್ ಕೊಟ್ಟಿದೆ. ತಮ್ಮ ಬಳಿಕ ಪೆಟ್ಟಿಗೆ ಯಾರಿಗೆ ಸೇರಬೇಕೆಂದು ಮೊದಲೇ ಬರೆದಿಡುವ ವ್ಯವಸ್ಥೆಯೂ ೨೦೧೩ರಿಂದ ಅಲ್ಲಿ ಉಂಟು. ಹಾಗೆ ಇಳಿಸಿದ ಪ್ರತಿಗಳಲ್ಲಿ ಒಂದನ್ನು ಯಂತ್ರದಿಂದ ಬಿಡಿಸಿಯೂ, ಮತ್ತೊಂದನ್ನು ಬೇರೆ ಊರಿನಲ್ಲಿಯೂ ಇಟ್ಟು, ವರ್ಷಕ್ಕೊಮ್ಮೆ ತೆರೆದು ಓದಿ ನೋಡಬೇಕು. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ. ಪೆಟ್ಟಿಗೆಯಲ್ಲಿ ಲೇಖಕರದಲ್ಲದೆ ಇತರರ ಪತ್ರಗಳೂ ಗುಟ್ಟುಗಳೂ ಇರುವುದರಿಂದ, ನಿಗದಿಯಾದ ಅವಧಿಯವರೆಗೆ ಮುದ್ರೆಯೊತ್ತಿ ಇಡತಕ್ಕದ್ದು. ಎನ್ರಾನ್ ನೌಕರರಿಗೆ ಆದ ಅನ್ಯಾಯ ಇನ್ನೊಬ್ಬರಿಗೆ ಆಗಬಾರದು.

೭

ಕಡೆಯದಾಗಿ, ಪರೀಕ್ಷಿಸಿದ ಎರಡು ಸಂಗ್ರಹಗಳ ತಾರತಮ್ಯವನ್ನು ಹೀಗೆ ಹೇಳಬಹುದು. ಶ್ವೇತಭವನದ ಸಂಪುಟದಲ್ಲಿ ಆಯ್ಕೆಯ ವಿವೇಕವಿದೆ, ಮೂಲದ ಪೂರ್ಣತೆಯಿಲ್ಲ. ಎನ್ರಾನ್ ಸಂಗ್ರಹದಲ್ಲಿ ವಿಸ್ತಾರವಿದೆ, ತಿದ್ದುಪಡಿಗಳ ಗುರುತಿಲ್ಲ. ಮೂಲವನ್ನು ಮುಟ್ಟದೆ ಕಾದು, ಶಿರೋಭಾಗವನ್ನು ಪೂರ್ತಿಯಾಗಿ ಕೊಟ್ಟು, ಲೋಪಪೂರಣಗಳನ್ನು ಚಿಹ್ನೆಗಳಿಂದ ತೋರಿಸುವ ಮೂರನೆಯ ಬಗೆಯ ಸಂಪಾದನೆ ಇನ್ನು ಆಗಬೇಕಾಗಿದೆ. ಅದಕ್ಕೆ ಬೇಕಾದ ಶಿಸ್ತು ಓಲೆಗರಿಗಳನ್ನು ಬಿಡಿಸಿ ಓದಿದ ಕನ್ನಡ ವಿದ್ವಾಂಸರಿಗೆ ಪರಕೀಯವಲ್ಲ. ಅವರಿಗೆ ಓಲೆಗಳು ಅಂತೂ ದೊರೆತಿದ್ದವು. ಇನ್ನು ಮುಂದಿನವರಿಗೆ ಪತ್ರಗಳು ದೊರೆಯುವುವೇ ಎಂಬುದು ಇಂದು ಪೆಟ್ಟಿಗೆಯ ಬೀಗದ ಕೈ ಯಾರಲ್ಲಿದೆಯೋ ಅವರನ್ನು ಅವಲಂಬಿಸಿದೆ.